ಗಾಳಿಗಂಟೆಗೆ ಏನು ಕಟ್ಟುವ?

ಬೇರೆಯವರ ಜಗಲಿಗೆ ನೆಂಟರು ಬರುತ್ತಾರೆ, ನನ್ನ ಜಗಲಿಗೆ ಮಾತ್ರ ಇಂಥ ಪ್ರಸಂಗಗಳೇ ವಿಳಾಸ ಕೇಳಿಕೊಂಡು ಬರುತ್ತವೆ. ನಾನು ಗಾಳಿಗಂಟೆ ಮಾಡುವವಳು. ಬಂಟ್ವಾಳದ ಹಳೆ ಪೇಟೆಯಲ್ಲಿ, ನೇತ್ರಾವತಿಗೆ ಬೆನ್ನು ಹಾಕಿ ನಿಂತ ಮನೆ ನಮ್ಮದು. ಗಂಡನಿಗೆ ಪೈಪು, ನಲ್ಲಿ ಮಾರುವ ಅಂಗಡಿ. ಅಲ್ಲಿ ಉಳಿದ ಅಲ್ಯೂಮಿನಿಯಂ ಪೈಪಿನ ತುಂಡುಗಳನ್ನು ತಂದು, ಕತ್ತರಿಸಿ, ನಯವಾಗಿ ಉಜ್ಜಿದ ತೆಂಗಿನ ಗೆರಟೆಯ ಚಿಪ್ಪಿನಿಂದ ನೂಲಿನಲ್ಲಿ ಇಳಿಬಿಡುತ್ತೇನೆ. ಮಧ್ಯಾಹ್ನ ಊಟವಾದ ಮೇಲೆ ಹೊಳೆಯ ಕಡೆಯಿಂದ ಮೆಲ್ಲಗೆ ಗಾಳಿ ಏಳುತ್ತದೆ. ಜಗಲಿಯಲ್ಲಿ ತೂಗುವ ಗಂಟೆಗಳೆಲ್ಲ ಒಂದೊಂದಾಗಿ ಮಾತಿಗೆ ಶುರು ಮಾಡುತ್ತವೆ. ಆಗ ನಾನು ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಎಲ್ಲಿಗೋ ಹೋಗಿಬಿಡುತ್ತೇನೆ. ಅದಕ್ಕೆ ನಾನು ಕನಸು ಅನ್ನುತ್ತೇನೆ. ನನ್ನ ಗಂಡ ತೂಕಡಿಕೆ ಅನ್ನುತ್ತಾರೆ.

ಮೊದಮೊದಲು ಜನ ಬರೀ ಗಂಟೆ ಒಯ್ಯುತ್ತಿದ್ದರು. ಆಮೇಲೆ ಯಾರೋ ಒಬ್ಬರು, "ಉಡುಗೊರೆ ಕೊಡ್ಲಿಕ್ಕೆ ಮೇಡಂ, ನಮ್ಮದು ಅಂತ ಎಂತಾದ್ರೂ ಒಂದು ಇದಕ್ಕೆ ಕಟ್ಟಿಕೊಡಿ" ಅಂದರು. ನಾನು ಕಟ್ಟಿಕೊಟ್ಟೆ. ಅಷ್ಟೇ ನೋಡಿ, ನನ್ನ ನೆಮ್ಮದಿಗೆ ಅಂದೇ ಮಂಗಳ ಹಾಡಿದಂತಾಯಿತು.

ಈಗ ಹೇಳುವ ಪ್ರಸಂಗಗಳೆಲ್ಲ ನಡೆದದ್ದು ನಮ್ಮ ಪಕ್ಕದ ಮನೆಯ ಉಮ್ಮ ತಮ್ಮ ಮಗಳಿಗೆ ಒಂದು ಗಂಟೆ ಮಾಡಿಸಬೇಕು ಅಂತ ಓಡಾಡುತ್ತಿದ್ದ ಕಾಲದಲ್ಲಿ. ಬಟ್ಟೆ ಅಂಗಡಿಯವರ ಮನೆ ಅದು. ಯಜಮಾನರನ್ನು ಓಣಿಯವರೆಲ್ಲ ಕಾಕ ಅನ್ನುತ್ತಾರೆ, ಅವರ ಹೆಂಡತಿಯನ್ನು ಮಕ್ಕಳ ಜೊತೆ ಸೇರಿ ನಾವೂ ಉಮ್ಮ ಅನ್ನುತ್ತೇವೆ. ಕೊನೆಯ ಮಗಳಿಗೆ ಮದುವೆಯಾಗಿತ್ತು. ಅಳಿಯ ದುಬೈಗೆ ಮರಳಿದ್ದ. ವೀಸಾ ಬಂದ ಕೂಡಲೆ ಇವಳೂ ಹೊರಡುವವಳು.

"ಅಲ್ಲಿ ಆ ಗಂಟೆ ಬಾರಿಸಿದ ಕೂಡಲೆ ಅವಳಿಗೆ ಈ ಮನೆ ನೆನಪಾಗ್ಬೇಕು, ಅಂಥದ್ದು ಎಂತಾದ್ರೂ ಕಟ್ಟುವ" ಅಂದರು ಉಮ್ಮ.

"ಎಂತ ಕಟ್ಟುವ ಉಮ್ಮ?"

"ಅದೇ ಗೊತ್ತಾಗುದಿಲ್ಲ ಮಾರಾಯ್ತಿ. ಅವಳು ಹೋಗ್ತಾಳೆ ಅಂತ ನನಗೆ ಹೆದರಿಕೆ ಇಲ್ಲ. ಅಲ್ಲಿ ಸುಖವಾಗಿದ್ದು ನನ್ನನ್ನು ಮರೀತಾಳಲ್ಲ, ಅದು ಹೆದರಿಕೆ."

ಹೀಗೆ ಹೇಳಿ ಅವರು ನನ್ನ ಜಗಲಿಯಲ್ಲಿ ಕೂತರು. ಮರುದಿನವೂ ಬಂದು ಕೂತರು. ವೀಸಾ ಹತ್ತಿರ ಬರುತ್ತಿತ್ತು, ಉಮ್ಮನಿಗೆ ಏನೂ ಹೊಳೆಯುತ್ತಿರಲಿಲ್ಲ.

ಬಳೆಯ ಸದ್ದು

ಕಕ್ಕಿಂಜೆಯಿಂದ ಒಬ್ಬಳು ಬಂದಳು. ಚಾರ್ಮಾಡಿ ಘಾಟಿಯ ಬುಡದ ಊರು ಅದು, ಅಲ್ಲಿ ಗಾಳಿಗೇನೂ ಕಮ್ಮಿ ಇಲ್ಲ. ಆದರೆ ಗಂಟೆ ಹೋಗಬೇಕಾದದ್ದು ಗಲ್ಫಿಗೆ, ಗಂಡನ ರೂಮಿಗೆ. ಬ್ಯಾಗಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದಳು. ಹಸಿರು ಕುಪ್ಪಿ ಬಳೆಗಳು, ಗಾಜಿನವು.

"ಇದನ್ನು ಕಟ್ಟಿ ಅಕ್ಕ. ನಾನು ಅಡುಗೆಮನೆಯಲ್ಲಿ ಅತ್ತಿತ್ತ ಹೋಗುವ ಶಬ್ದ ಅವರಿಗೆ ಕೇಳಬೇಕು."

ನನಗೆ ತುಂಬಾ ಇಷ್ಟವಾಯಿತು. ಪೈಪು ತೆಗೆದುಹಾಕಿ ಬರೀ ಬಳೆಗಳಲ್ಲೇ ಒಂದು ಗಂಟೆ ಕಟ್ಟಿದೆ. ಅದು ದೂರದ ಮರಳುಗಾಡಿನ ಕಿಟಕಿಯಲ್ಲಿ, ಸಂಜೆಯ ತಂಗಾಳಿಗೆ ಕಿಲಕಿಲ ಅನ್ನುವುದನ್ನು ನೆನೆಸಿಕೊಂಡು ಒಂದು ಮಧ್ಯಾಹ್ನವನ್ನೇ ಹಾಳು ಮಾಡಿದೆ. ಅಲ್ಲಿ ಕಿಟಕಿ ತೆರೆದರೆ ಬೆಂಕಿ ಒಳಗೆ ಬರುತ್ತದೆ ಅನ್ನುವುದು ಕನಸಿನಲ್ಲಿ ಯಾರಿಗೆ ನೆನಪಿರುತ್ತದೆ?

ಕೆಲವು ವಾರ ಕಳೆದ ಮೇಲೆ ಗುರುತಿಲ್ಲದ ನಂಬರಿನಿಂದ ಫೋನು ಬಂತು.

"ಅಕ್ಕಾ, ಗಂಟೆ ಮಾಡುವವರಾ?"

"ಹೌದು."

"ನಿಮ್ಮ ಬಳೆಗಂಟೆ ಬಂತಲ್ಲ, ಅವರ ರೂಮ್‌ಮೇಟ್ ನಾನು. ಬೆಳ್ತಂಗಡಿಯವನೇ. ಒಂದು ಕೇಳ್ಲಿಕ್ಕುಂಟು. ಅದಕ್ಕೆ ಸ್ವಿಚ್ ಇಲ್ವಾ?"

ವಿಷಯ ಏನೆಂದರೆ, ರೂಮಿನಲ್ಲಿ ಗಾಳಿ ಅಂತ ಇರುವುದು ಎಸಿಯ ಬಾಯಿಯ ಮುಂದೆ ಮಾತ್ರ. ಗಂಡ ಗಂಟೆಯನ್ನು ಅಲ್ಲೇ ತೂಗುಹಾಕಿದ್ದಾನೆ. ಎಸಿ ನಿಲ್ಲಿಸಿದರೆ ಬಳೆ ಸುಮ್ಮನಾಗುತ್ತದೆ. ಬಳೆ ಸುಮ್ಮನಾದರೆ ಇವನಿಗೆ ಮನಸ್ಸಿಗೆ ಸರಿಯಾಗುವುದಿಲ್ಲ. ಹಾಗಾಗಿ ರಿಮೋಟನ್ನು ದಿಂಬಿನಡಿ ಇಟ್ಟುಕೊಂಡು ಮಲಗುತ್ತಾನೆ.

"ಹೊರಗೆ ಮೊಟ್ಟೆ ಒಡೆದು ಹಾಕಿದ್ರೆ ಬೇಯ್ತದೆ ಅಕ್ಕ, ಒಳಗೆ ನಾವು ಕಂಬಳಿ ಹೊದ್ದು ನಡುಗ್ತಾ ಇದ್ದೇವೆ. ಒಬ್ಬನಿಗೆ ಕೆಮ್ಮು ಹಿಡಿದಿದೆ. ಅವರ ಹೆಂಡತಿಗೆ ನೀವಾದ್ರೂ ಹೇಳಿ."

ನಾನು ಅವಳಿಗೆ ಫೋನು ಮಾಡಿ, ಬಳೆ ಸ್ವಲ್ಪ ಕಮ್ಮಿ ಮಾಡುವ, ಇಲ್ಲದಿದ್ದರೆ ಹಗುರದ್ದು ಏನಾದರೂ ಕಟ್ಟುವ, ಆಗ ಅಷ್ಟು ಗಾಳಿ ಬೇಡ ಅಂತೆಲ್ಲ ಸಮಾಧಾನ ಹೇಳಿದೆ. ಆ ಕಡೆಯಿಂದ ಬಿಕ್ಕಿದಂಥ ಸದ್ದು ಕೇಳಿಸಿತು. ಅಳುತ್ತಿದ್ದಾಳೆ ಅಂದುಕೊಂಡೆ. ನೋಡಿದರೆ ನಗುತ್ತಿದ್ದಳು.

"ಇರ್ಲಿ ಬಿಡಿ ಅಕ್ಕ. ಊರಿಗೆ ಬಂದಾಗ ನಾನು ಎರಡು ಮಾತು ಜಾಸ್ತಿ ಆಡಿದ್ರೆ 'ಎಂತ ಗಲಾಟೆ ನಿನ್ನದು' ಅಂತಾರೆ. ಈಗ ಎಸಿ ಹಾಕಿ ಕೇಳ್ತಾರಲ್ಲ, ಕೇಳ್ಲಿ."

ಕಳೆದುಹೋದ ಸೌಟುಗಳು

ವಾಮದಪದವಿನ ಒಬ್ಬರು ದೊಡ್ಡ ಮೀಸೆಯವರು, ಮುಂಬಯಿಯಲ್ಲಿ ಹೊಟೇಲು ನಡೆಸಿ ಈಗ ಊರಿನಲ್ಲಿ ನೆಲೆ ನಿಂತವರು, ಹೆಂಡತಿಯ ಹುಟ್ಟುಹಬ್ಬಕ್ಕೆ ಗಂಟೆ ಬೇಕು ಅಂತ ಬಂದರು. ಮದುವೆಯಾದ ಮೇಲೆ ಹೆಂಡತಿಗೆ ಅಂತ ಅವರು ಕೊಡುವ ಮೊದಲ ಉಡುಗೊರೆಯಂತೆ. ಇದನ್ನು ಅವರು ಹೆಮ್ಮೆಯಿಂದಲೇ ಹೇಳಿದರು.

"ಅವರಿಗೆ ಇಷ್ಟವಾದದ್ದು ಏನಾದರೂ ಕಟ್ಟುವ. ಏನಿಷ್ಟ ಅವರಿಗೆ?" ಅಂದೆ.

ಮೀಸೆಯವರು ಯೋಚನೆಗೆ ಬಿದ್ದರು. ಹೊಳೆಯ ಕಡೆ ನೋಡಿದರು, ಮಾಡಿನ ಹೆಂಚು ನೋಡಿದರು. ಕೊನೆಗೆ, "ಅಡುಗೆ ಇಷ್ಟ ಇರಬೇಕು. ಯಾವಾಗ ನೋಡಿದ್ರೂ ಅಲ್ಲೇ ಇರ್ತಾಳೆ" ಅಂದರು.

ಮರುದಿನ ಒಂದು ಚೀಲ ತಂದು ನನ್ನ ಮುಂದೆ ಸುರಿದರು. ಸಾರಿನ ಸೌಟು, ಒಗ್ಗರಣೆ ಸೌಟು, ಒಂದು ಜಾಲರಿ ಸಟ್ಟುಗ, ತುಪ್ಪದ ಹಿತ್ತಾಳೆಯ ಪುಟ್ಟ ಚಮಚ. ಎಲ್ಲ ತುಂಬಾ ಕೈ ಆಡಿಸಿ ನುಣುಪಾದವು.

"ಕೇಳಿ ತಂದಿರಾ?"

"ಸರ್ಪ್ರೈಸಿಗೆ ಯಾರಾದ್ರೂ ಕೇಳ್ತಾರಾ?"

ಇದು ಎಡವಟ್ಟಾಗುತ್ತದೆ ಅಂತ ನನಗೆ ಆಗಲೇ ಅನಿಸಿತು. ಆದರೆ ಒಗ್ಗರಣೆ ಸೌಟನ್ನು ನೂಲಿಗೆ ಕಟ್ಟಿ ಬೆರಳಿನಿಂದ ತಟ್ಟಿದೆ ನೋಡಿ, ಎಂಥ ನಾದ! ದೇವರಕೋಣೆಯ ಗಂಟೆಯೂ ಹಾಗೆ ಕೇಳುವುದಿಲ್ಲ. ಉಳಿದದ್ದೆಲ್ಲ ಮರೆತು ಕಟ್ಟಿದೆ.

ಅತ್ತ ವಾಮದಪದವಿನಲ್ಲಿ ಆ ಅಮ್ಮ ಸೌಟು ಹುಡುಕಿ ಹುಡುಕಿ ಸೋತರು. ಅಟ್ಟ ನೋಡಿದರು, ಬಾವಿಕಟ್ಟೆ ನೋಡಿದರು, ಬಾಳೆಬುಡದಲ್ಲಿ ಪಾತ್ರೆ ತೊಳೆಯುವ ಜಾಗ ಕೆದಕಿದರು. ಗಂಡ ಪಾಪ ಏನೂ ಗೊತ್ತಿಲ್ಲದವರ ಹಾಗೆ ಟಾರ್ಚು ಹಿಡಿದು ಜೊತೆಗೆ ಹುಡುಕಿದರು. ನಮ್ಮ ಕಡೆ ಏನಾದರೂ ಕಳೆದುಹೋದರೆ ಕೊನೆಗೆ ಎಲ್ಲರೂ ಮಾಡುವುದು ಒಂದೇ, ಕೊರಗಜ್ಜ ದೈವಕ್ಕೆ ಹರಕೆ ಹೇಳುವುದು. ಅವರೂ ಅದನ್ನೇ ಮಾಡಿದರು. ಕೈಮುಗಿದು, "ಕೊರಗಜ್ಜಾ, ನನ್ನ ಸೌಟು ಸಿಕ್ಕಿದರೆ ನಿನಗೆ ಚಕ್ಕುಲಿ, ವೀಳ್ಯ ಇಡ್ತೇನೆ" ಅಂತ ಹೇಳಿಕೊಂಡರು.

ಹುಟ್ಟುಹಬ್ಬದ ದಿನ ಬೆಳಿಗ್ಗೆ ಗಂಡ ಬಣ್ಣದ ಕಾಗದ ಸುತ್ತಿದ ಪೆಟ್ಟಿಗೆ ಮುಂದಿಟ್ಟರು. ಆ ಅಮ್ಮ ಬಿಚ್ಚಿದರು. ಕಣ್ಣಲ್ಲಿ ನೀರು ಬಂತು. ಮೀಸೆಯವರು ಮೀಸೆ ನೀವಿಕೊಂಡು ತಯಾರಾಗಿ ನಿಂತರು. ಆದರೆ ಹೆಂಡತಿ ಗಂಡನ ಕಡೆ ತಿರುಗಿಯೂ ನೋಡದೆ, ಗಂಟೆಯನ್ನು ಎತ್ತಿಕೊಂಡು ಅಂಗಳಕ್ಕೆ ಓಡಿ ಕೈಮುಗಿದು, "ಅಜ್ಜಾ, ನೀನು ದೊಡ್ಡವ!" ಅಂದರಂತೆ.

ಸಂಜೆ ನನಗೆ ಮೀಸೆಯವರ ಫೋನು ಬಂತು. ಸ್ವರ ಇಳಿದಿತ್ತು.

"ಚಕ್ಕುಲಿ ಅಜ್ಜನಿಗೆ, ವೀಳ್ಯ ಅಜ್ಜನಿಗೆ. ನನಗೆ ಇವತ್ತು ಊಟಕ್ಕೆ ಸಾರು ಬಡಿಸಿದ್ದು ಲೋಟದಲ್ಲಿ. ಸೌಟು ಕೊಡು ಅಂದ್ರೆ, ಗಂಟೆ ಬಿಚ್ಚಲಿಕ್ಕೆ ಬರುವುದಿಲ್ಲ, ಕಟ್ಟಿದವರನ್ನೇ ಕರೆಸಿ ಅಂತಾಳೆ."

ಲಾಂಗ್ ಬೆಲ್

ಈ ಕಥೆಗಳನ್ನು ಕೇಳಿ ಉಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ, "ಬಳೆ ಬೇಡ, ನನ್ನ ಬಳೆ ಚಿನ್ನದ್ದು, ಶಬ್ದ ಇಲ್ಲ. ಸೌಟು ಬೇಡ, ಅವಳು ಅಡುಗೆಮನೆಗೆ ಕಾಲಿಟ್ಟವಳೇ ಅಲ್ಲ" ಅಂತ ತೀರ್ಮಾನ ಕೊಟ್ಟರು. ಅಲ್ಲಿಗೆ ಪುನಃ ಮೊದಲಿನ ಜಾಗಕ್ಕೇ ಬಂದೆವು.

ಅಷ್ಟರಲ್ಲಿ ಮೂಡಬಿದಿರೆ ಕಡೆಯ ಒಂದು ಶಾಲೆಯ ಟೀಚರುಗಳು ಬಂದರು. ಅವರ ಹೆಡ್‌ಮಾಸ್ಟರು ನಿವೃತ್ತರಾಗುವವರಿದ್ದರು. ಶಾಲೆಗೆ ಹೊಸದಾಗಿ ಕರೆಂಟಿನ ಬೆಲ್ಲು ಬಂದಿದ್ದರಿಂದ, ಹಳೆಯ ಕಂಚಿನ ತಟ್ಟೆಗಂಟೆ ಮೂಲೆ ಸೇರಿತ್ತು. ಎಲ್ಲರ ಒಪ್ಪಿಗೆ ಪಡೆದು ಅದನ್ನೇ ತಂದಿದ್ದರು.

"ಇಡೀ ಸರ್ವಿಸು ಸಾರ್ ಈ ಗಂಟೆ ಕೇಳಿಯೇ ಕಳೆದದ್ದು. ಇದನ್ನು ಕಟ್ಟಿದರೆ ಅವರಿಗೆ ಶಾಲೆ ನೆನಪಾಗ್ತದೆ."

ತಟ್ಟೆಯನ್ನು ನಡುವೆ ಇಟ್ಟು ಸುತ್ತ ದಪ್ಪ ಪೈಪುಗಳನ್ನು ಕಟ್ಟಿದೆ. ಗಾಳಿಗೆ ಪೈಪು ಹೋಗಿ ತಟ್ಟೆಗೆ ಬಡಿದರೆ ಢಣ್ ಅಂತ ಒಂದು ಸದ್ದು ಹೊರಟು, ಊರಿನ ಮೇಲೆಲ್ಲ ಸುತ್ತಿ, ಗುಡ್ಡೆಯ ಆಚೆ ಹೋಗಿ ಮಲಗುತ್ತಿತ್ತು. ನನ್ನ ಕೈಯಿಂದ ಅಷ್ಟು ಒಳ್ಳೆಯ ಗಂಟೆ ಇನ್ನೊಂದು ಆಗಿಲ್ಲ. ಒಂದೇ ಸಂಗತಿ ನನಗೆ ಯಾರೂ ಹೇಳಿರಲಿಲ್ಲ. ಹೆಡ್‌ಮಾಸ್ಟರ ಮನೆ ಇದ್ದದ್ದು ಶಾಲೆಯ ಕಂಪೌಂಡಿಗೆ ತಾಗಿಕೊಂಡು.

ಅವರು ನಿವೃತ್ತರಾದ ಮೇಲೆ ಒಂದು ದಿನ ಮಧ್ಯಾಹ್ನದ ಹೊತ್ತಿಗೆ ಆಕಾಶ ಕಪ್ಪಾಯಿತು. ಮಳೆಗೆ ಮೊದಲು ಬರುವ ಗಾಳಿ ಗೊತ್ತಲ್ಲ, ಅದು ಎದ್ದಿತು. ನಮ್ಮಲ್ಲಿ ಗಾಳಿ ಎದ್ದ ಕೂಡಲೆ ಕರೆಂಟು ಹೋಗುವುದು ವಾಡಿಕೆ, ಹೋಯಿತು. ಕರೆಂಟಿನ ಬೆಲ್ಲು ಸತ್ತಿತು. ಆ ಹೊತ್ತಿಗೆ ಸರಿಯಾಗಿ ಹಳೆ ಹೆಡ್‌ಮಾಸ್ಟರ ಜಗಲಿಯಲ್ಲಿ ಗಂಟೆ ಢಣಢಣ ಢಣಢಣ ಅಂತ ಬಿಡದೆ ಬಾರಿಸತೊಡಗಿತು. ಬಿಡದೆ ಬಾರಿಸಿದರೆ ಅದು ಲಾಂಗ್ ಬೆಲ್. ಲಾಂಗ್ ಬೆಲ್ ಅಂದರೆ ಮನೆ. ಇದು ಎಲ್ಲ ಮಕ್ಕಳಿಗೂ ಗೊತ್ತು. ಕರೆಂಟು ಇಲ್ಲದ್ದಕ್ಕೆ ಹಳೆ ಗಂಟೆ ಹೊಡೆಸಿದ್ದಾರೆ ಅಂದುಕೊಂಡು ಮಕ್ಕಳು ಬ್ಯಾಗು ಹೆಗಲಿಗೆ ಹಾಕಿದರು. ಗಣಿತದ ಟೀಚರೂ ಕೊಡೆ ತೆಗೆದುಕೊಂಡರು ಅಂತ ಆಮೇಲೆ ತಿಳಿಯಿತು. ಹೊಸ ಹೆಡ್‌ಮಾಸ್ಟರು ಆಫೀಸಿನಿಂದ ಹೊರಗೆ ಬರುವಾಗ ಮೈದಾನ ಖಾಲಿ, ಗೇಟು ಮಾತ್ರ ಗಾಳಿಗೆ ಅಲ್ಲಾಡುತ್ತಿತ್ತು.

ಅವರು ಒದ್ದೆಯಾಗಿಕೊಂಡೇ ಹಳೆ ಹೆಡ್‌ಮಾಸ್ಟರ ಮನೆಗೆ ಓಡಿದರು.

"ಸಾರ್, ದಯಮಾಡಿ ಇದನ್ನು ಹಿಂದಿನ ಕಡೆ ತೂಗುಹಾಕಿ. ಮಕ್ಕಳು ಎಲ್ಲ ಹೋದ್ರು."

ಹಳೆ ಹೆಡ್‌ಮಾಸ್ಟರು ಆರಾಮಕುರ್ಚಿಯಲ್ಲಿ ಕಣ್ಣುಮುಚ್ಚಿ, ಗಂಟೆ ಕೇಳುತ್ತಾ, ಯಾವುದೋ ಸುಖದಲ್ಲಿ ತೇಲುತ್ತಿದ್ದರಂತೆ. ಕಣ್ಣು ತೆರೆಯದೆ ಅಂದರಂತೆ:

"ನಾನು ಇರುವಾಗ ಕೋಲು ಹಿಡಿದು ಹೇಳಿದ್ರೂ ಒಬ್ಬನೂ ಕೇಳ್ತಿರ್ಲಿಲ್ಲ ಮಾರಾಯ್ರೆ. ಈಗ ಮಲಗಿದಲ್ಲಿಂದಲೇ ಇಡೀ ಶಾಲೆ ಕೇಳ್ತದೆ. ಒಂದು ವಾರವಾದ್ರೂ ಇರ್ಲಿ."

ಗಾಳಿಯಿಲ್ಲದ ಮಧ್ಯಾಹ್ನ

ಒಂದು ದಿನ ಉಮ್ಮ ಪ್ಲಾಸ್ಟಿಕ್ ಕವರು ಹಿಡಿದು ಬಂದರು. ಅವರಿಗಿಂತ ಮೊದಲು ವಾಸನೆ ಬಂತು.

"ಒಣ ಬಂಗುಡೆ ಮೀನು" ಅಂದರು. "ಅವಳಿಗೆ ಊರು ನೆನಪಾಗುವುದು ಕಿವಿಯಿಂದ ಅಲ್ಲ ಮಾರಾಯ್ತಿ, ಮೂಗಿನಿಂದ."

ವಾದಿಸಿ ಪ್ರಯೋಜನವಿರಲಿಲ್ಲ. ಒಂದು ಬಂಗುಡೆಯನ್ನು ಪ್ರಯೋಗಕ್ಕೆ ಅಂತ ಒಂದು ಗಂಟೆಗೆ ಕಟ್ಟಿ ಜಗಲಿಯ ಅಡ್ಡೆಗೆ ತೂಗುಹಾಕಿದೆ. ಆ ಮಧ್ಯಾಹ್ನ ಎಲೆ ಅಲ್ಲಾಡದ ಸೆಕೆ. ಹೊಳೆಯೂ ನಿಂತ ಹಾಗೆ ಕಾಣುತ್ತಿತ್ತು. ನಾನೂ ಉಮ್ಮನೂ ಕಂಬಕ್ಕೊರಗಿ ಅರೆನಿದ್ದೆಗೆ ಜಾರಿದೆವು. ಆಗ ಗಂಟೆ ಬಾರಿಸಿತು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಯಾರೋ ಆಸೆಯಿಂದ ಕರೆದ ಹಾಗೆ. ನನ್ನ ಮೈ ಜುಂ ಅಂದಿತು. ಗಾಳಿಯೇ ಇಲ್ಲ, ಗಂಟೆ ಬಾರಿಸುತ್ತಿದೆ! ತಾಯಿಯ ಮನಸ್ಸಿನಲ್ಲಿರುವುದು ಗಂಟೆಗೇ ತಿಳಿದುಬಿಟ್ಟಿತೇ ಅಂತ ಕಣ್ಣು ತೆರೆದೆ.

ಓಣಿಯ ಕರಿ ಬೆಕ್ಕು ಬಂಗುಡೆಯ ಬಾಲ ಕಚ್ಚಿಕೊಂಡು ನೇತಾಡುತ್ತಿತ್ತು. ಕೆಳಗೆ ಇನ್ನೂ ನಾಲ್ಕೈದು ಸರದಿಯಲ್ಲಿ ಕೂತಿದ್ದವು.

ಉಮ್ಮ ಒಂದು ಕಣ್ಣು ತೆರೆದು ನೋಡಿ, "ಊರವರಿಗೆಲ್ಲ ನೆನಪು ಬಂತು. ಇದನ್ನು ಬಿಚ್ಚು" ಅಂದರು.

ಉಮ್ಮನ ಸದ್ದು

ವೀಸಾ ಬಂತು. ಆ ದಿನ ಉಮ್ಮ ಜಗಲಿಗೆ ಬಂದದ್ದು ನಗುವುದಕ್ಕಲ್ಲ. ಮುಖ ಸಣ್ಣದಾಗಿತ್ತು. "ಇನ್ನು ಎಂತದೂ ಹೊಳೆಯುವುದಿಲ್ಲ. ಸುಮ್ಮನೆ ಪೈಪಿನದ್ದೇ ಒಂದು ಕೊಡು" ಅಂದು ಧೊಪ್ಪನೆ ಕೂತರು.

ಉಮ್ಮ ಹಳೆ ಕಾಲದವರು, ಸೊಂಟಕ್ಕೆ ಬೆಳ್ಳಿಯ ಪಟ್ಟಿ ಕಟ್ಟುತ್ತಾರೆ. ಆ ಪಟ್ಟಿಯಲ್ಲಿ ಮನೆಯ ಬೀಗದಕೈಗಳ ದೊಡ್ಡ ಗೊಂಚಲು. ಕೂತ ರಭಸಕ್ಕೆ ಅದು ಝಣ್ ಅಂದಿತು. ಅಂದದ್ದೇ ತಡ, ಪಕ್ಕದ ಮನೆಯ ಕಿಟಕಿಯಿಂದ ಮಗಳ ಸ್ವರ:

"ಆ... ಬಂದೆ ಉಮ್ಮ!"

ಯಾರೂ ಅವಳನ್ನು ಕರೆದಿರಲಿಲ್ಲ. ನಾನು ಉಮ್ಮನ ಮುಖ ನೋಡಿದೆ, ಉಮ್ಮ ನನ್ನ ಮುಖ ನೋಡಿದರು. ಅವರು ಮೆಲ್ಲಗೆ ಗೊಂಚಲನ್ನು ಕೈಗೆ ತೆಗೆದುಕೊಂಡು ಇನ್ನೊಮ್ಮೆ ಅಲ್ಲಾಡಿಸಿದರು.

"ಬಂದೆ ಅಂದೆನಲ್ಲ!"

ಉಮ್ಮನ ಕಣ್ಣು ತುಂಬಿತು. "ಇದು" ಅಂದರು. "ಇದನ್ನೇ ಕಟ್ಟು."

"ಉಮ್ಮ, ಇದು ಮನೆಯ ಕೀಗಳಲ್ವಾ? ಹಳತು ಯಾವುದಾದರೂ ನಾಲ್ಕು ಕೊಡಿ, ಸಾಕು."

ಅವರು ಒಂದೆರಡನ್ನು ಬಿಡಿಸಿ ಉಳಿದದ್ದನ್ನು ಅಲ್ಲಾಡಿಸಿದರು. ಕಿಟಕಿಯಿಂದ ಉತ್ತರವಿಲ್ಲ. ಬಿಡಿಸಿದ್ದನ್ನು ಸೇರಿಸಿ ಅಲ್ಲಾಡಿಸಿದರು. "ಅಯ್ಯೋ ಉಮ್ಮ, ಕೂದಲು ಬಾಚ್ತಾ ಇದ್ದೇನೆ, ಬಂದೇ!"

"ನೋಡಿದ್ಯಾ? ಒಂದು ಕಮ್ಮಿ ಆದ್ರೂ ಅದು ನಾನಲ್ಲ."

"ಮತ್ತೆ ನಿಮಗೆ ಬೀಗ ಹಾಕ್ಲಿಕ್ಕೆ?"

"ಎಂತಕ್ಕೆ ಬೀಗ? ಇದ್ದ ಒಂದು ಬಂಗಾರ ಹೊರಟು ಹೋಗ್ತಾ ಉಂಟು. ಎಲ್ಲ ತೆರೆದೇ ಇರ್ಲಿ."

ನಾನು ನೂಲು ಹುಡುಕುವ ನೆಪದಲ್ಲಿ ಒಳಗೆ ಹೋಗಿ ಕಣ್ಣು ಒರೆಸಿಕೊಂಡು ಬಂದೆ. ಪೈಪು ಒಂದೂ ಬೇಡ ಅಂತ, ಗೆರಟೆಯ ಕೆಳಗೆ ಆ ಗೊಂಚಲನ್ನು ಇದ್ದ ಹಾಗೇ ಕಟ್ಟಿದೆ. ಅದರಲ್ಲಿ ಒಂದು ಹೊಳೆಯುವ ಪುಟಾಣಿ ಕೀ ಇತ್ತು. ಉಳಿದವುಗಳ ನಡುವೆ ಅದು ತೆಳ್ಳಗೆ ಕಿಣಿಕಿಣಿ ಅನ್ನುತ್ತಿತ್ತು. ಆ ಒಂದು ಸ್ವರ ಚೆನ್ನಾಗಿ ಕೇಳಲಿ ಅಂತ ಅದನ್ನು ಎದುರಿಗೇ ಬರುವಂತೆ ಕಟ್ಟಿ ನನ್ನನ್ನು ನಾನೇ ಹೊಗಳಿಕೊಂಡೆ.

ಹೊರಡುವ ದಿನ ಬೆಳಿಗ್ಗೆ ವಿಮಾನ ನಿಲ್ದಾಣಕ್ಕೆ ಹೋಗುವ ಕಾರು ಓಣಿಯಲ್ಲಿ ನಿಂತಿತ್ತು. ಮಗಳನ್ನು ಬಿಡಲಿಕ್ಕೆ ಹೊರಟಿದ್ದದ್ದು ಅವಳ ಅಣ್ಣ. ಅಷ್ಟರಲ್ಲಿ ಆ ಮನೆಯೊಳಗಿಂದ ಗದ್ದಲ ಕೇಳಿಸಿತು. ಕಾಕ ನಮ್ಮ ಜಗಲಿಗೆ ಬಂದು ನನಗೆ, "ಮಗಳೇ, ಒಮ್ಮೆ ಬಾ. ನಿನ್ನ ಗಂಟೆಯಿಂದ ಎಲ್ಲ ಎಡವಟ್ಟಾಗಿದೆ" ಅಂದರು.

ಹೋಗಿ ನೋಡಿದರೆ ಎಲ್ಲರೂ ಒಂದು ಸೂಟ್‌ಕೇಸಿನ ಸುತ್ತ ನಿಂತಿದ್ದಾರೆ. ಆದದ್ದು ಹೀಗೆ. ಮಗಳ ಪಾಸ್‌ಪೋರ್ಟು ಜೋಪಾನವಾಗಿರಲಿ ಅಂತ ಉಮ್ಮ ತಮ್ಮ ಮರದ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಅದು ಉಮ್ಮನಿಗೆ ಅವರ ಉಮ್ಮ ಮದುವೆಯಲ್ಲಿ ಕೊಟ್ಟ ಪೆಟ್ಟಿಗೆ. ಬೀಗವನ್ನು ತೆರೆದೇ ಬಿಟ್ಟಿದ್ದರು. ಬೆಳಿಗ್ಗೆ ಕೊನೆಯ ಸಲ ಪಾಸ್‌ಪೋರ್ಟಿನ ಫೋಟೋ ನೋಡಿ ಒಳಗಿಟ್ಟವರು, ಕೈಯ ರೂಢಿ, ಬೀಗ ಒತ್ತಿಬಿಟ್ಟಿದ್ದಾರೆ. ಅದರ ಕೀ ಗಂಟೆಯಲ್ಲಿ. ಗಂಟೆ ಸೂಟ್‌ಕೇಸಿನೊಳಗೆ, ಬಟ್ಟೆಗಳ ನಡುವೆ. ಸೂಟ್‌ಕೇಸಿಗೆ ಕಾಕ ಆಗಲೇ ಪುಟ್ಟ ಬೀಗ ಒತ್ತಿ ಆಗಿತ್ತು.

"ಸರಿ, ಸೂಟ್‌ಕೇಸಿನ ಕೀ ಎಲ್ಲಿ?" ಅಂದೆ.

ಎಲ್ಲರ ಕಣ್ಣೂ ಉಮ್ಮನ ಸೊಂಟದ ಬರಿದಾದ ಪಟ್ಟಿಗೆ ಹೋಯಿತು. ಆ ಮನೆಗೆ ಯಾವ ಹೊಸ ಕೀ ಬಂದರೂ ಮೊದಲು ಉಮ್ಮನ ಗೊಂಚಲಿಗೆ ಸೇರಬೇಕು, ಅದು ಅಲ್ಲಿಯ ಕಾನೂನು. ನನ್ನ ಕಣ್ಣ ಮುಂದೆ ಆ ಹೊಳೆಯುವ ಪುಟಾಣಿ ಕೀ, ಅದರ ಕಿಣಿಕಿಣಿ ಎಲ್ಲ ಬಂತು. ಅದೂ ಗಂಟೆಯಲ್ಲೇ ಇತ್ತು.

"ಸೂಟ್‌ಕೇಸ್ ಒಡೆಯುವ" ಅಂದ ಅಣ್ಣ.

"ಹೊಸತು ಅದು! ಒಡೆದ ಸೂಟ್‌ಕೇಸ್ ವಿಮಾನದಲ್ಲಿ ಹಾಕ್ತಾರಾ?" ಅಂದರು ಕಾಕ. "ಮರದ ಪೆಟ್ಟಿಗೆ ಒಡೆಯುವ."

"ನನ್ನ ಉಮ್ಮ ಕೊಟ್ಟ ಪೆಟ್ಟಿಗೆ!" ಅಂದರು ಉಮ್ಮ. ಆಮೇಲೆ ಸ್ವರ ತಗ್ಗಿಸಿ, ಯಾರಿಗೂ ಅಲ್ಲ ಎಂಬಂತೆ ಅಂದರು, "ವಿಮಾನ ನಾಳೆಯೂ ಉಂಟಲ್ಲ."

ಕಾಕ ಹೆಂಡತಿಯನ್ನೇ ದಿಟ್ಟಿಸಿದರು. "ನೀನು ಬೇಕೂಂತಲೇ ಒತ್ತಿದ್ದಾ?"

ಉಮ್ಮ ಮುಖ ಆಚೆ ತಿರುಗಿಸಿದರು. ಆ ಮುಖದಲ್ಲಿ ಅಪರಾಧಿಯ ಭಯ ಇರಲಿಲ್ಲ, ಮಳೆಗೆ ಶಾಲೆಗೆ ರಜೆ ಸಿಕ್ಕಿದ ಮಕ್ಕಳ ಖುಷಿಯೇ ಸ್ವಲ್ಪ ಇತ್ತು. ಕೋಣೆಯೊಳಗೆ ಮಗಳು ಗಂಡನಿಗೆ ಫೋನಿನಲ್ಲಿ, "ಇವತ್ತು ಆಗುವುದಿಲ್ಲ ಕಾಣ್ತದೆ" ಅಂತ ಅಳುತ್ತಿರುವುದು ಕೇಳಿಸುತ್ತಿತ್ತು.

ಅಣ್ಣನಿಗೆ ತಾಳ್ಮೆ ಹೋಯಿತು. ಬೀಗ ಜಗ್ಗಿ ನೋಡುವ ಅಂತ ಸೂಟ್‌ಕೇಸನ್ನು ಎರಡೂ ಕೈಯಿಂದ ಎತ್ತಿ ಅಲುಗಾಡಿಸಿದ. ಒಳಗಿಂದ ಝಣ್ ಅಂದಿತು.

"ಬಂದೆ ಉಮ್ಮ!"

ಮಗಳು ಫೋನು ಬಿಟ್ಟು ಕೋಣೆಯಿಂದ ಓಡಿ ಬಂದಳು. ಬಂದು ನಿಂತದ್ದು ಉಮ್ಮನ ಮುಂದೆ ಅಲ್ಲ, ಸೂಟ್‌ಕೇಸಿನ ಮುಂದೆ. ತಲೆ ತಗ್ಗಿಸಿ, "ಎಂತ ಉಮ್ಮ?" ಅಂತ ಅದನ್ನೇ ಕೇಳಿದಳು.

ಅಣ್ಣ ಸೂಟ್‌ಕೇಸನ್ನು ಮೆಲ್ಲಗೆ ಕೆಳಗಿಟ್ಟ. ಆಮೇಲೆ ಉಮ್ಮ ನಗಲಿಕ್ಕೆ ಶುರು ಮಾಡಿದರು. ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಸಾಕು" ಅಂದರು. "ಇಷ್ಟು ಬಟ್ಟೆಯ ಅಡಿಯಿಂದ ಕರೆದ್ರೂ ಕೇಳ್ತದೆ ಇವಳಿಗೆ. ಇನ್ನು ಹೋಗ್ಲಿ." ನೆಟ್ಟಗೆ ಅಡುಗೆಮನೆಗೆ ಹೋಗಿ ಅರೆಯುವ ಕಲ್ಲಿನ ಗುಂಡನ್ನು ಹೊತ್ತು ತಂದರು. ನಾವು ನೋಡುತ್ತಿದ್ದ ಹಾಗೇ ತಮ್ಮ ಉಮ್ಮನ ಪೆಟ್ಟಿಗೆಯ ಬೀಗಕ್ಕೆ ತಾವೇ ಹೊಡೆದರು. ಬೀಗದ ಜೊತೆ ಒಂದು ಚೂರು ಮರವೂ ಹೋಯಿತು. ಅವರು ಅದನ್ನು ನೋಡಲೂ ಇಲ್ಲ. ಪಾಸ್‌ಪೋರ್ಟು ತೆಗೆದು ಮಗಳ ಕೈಯಲ್ಲಿಟ್ಟು, ತಲೆ ಸವರಿ, "ಓಡು, ತಡವಾಯ್ತು" ಅಂದರು. ನನಗೆ ತಡೆಯಲಾಗದೆ ಅಲ್ಲೇ ಅತ್ತು ಬಿಟ್ಟೆ.

"ಸೂಟ್‌ಕೇಸ್?" ಅಂದರು ಕಾಕ.

"ಹಾಗೇ ಹೋಗ್ಲಿ. ಅಲ್ಲಿ ಅಳಿಯ ಒಡೀಲಿ. ಅವನಿಗೂ ಸ್ವಲ್ಪ ಕೆಲಸ ಬೇಡವಾ?"

ಗಂಟೆ ಈಗ ದುಬೈಯಲ್ಲಿ ಒಂದು ಅಡುಗೆಮನೆಯ ಕಿಟಕಿಯಲ್ಲಿದೆ. ಸಂಜೆ ಸ್ವಲ್ಪ ಹೊತ್ತು ಕಡಲ ಗಾಳಿ ಬರುತ್ತದಂತೆ. ಝಣ್ ಅಂದಾಗಲೆಲ್ಲ ಅವಳು "ಬಂದೆ ಉಮ್ಮ" ಅನ್ನುತ್ತಾಳಂತೆ. ಇದನ್ನು ಉಮ್ಮ ಓಣಿಗೆಲ್ಲ ಹೇಳಿದರು. "ಬಂದೆ ಬಂದೆ ಅಂತಾಳೆ, ಬರುವುದು ಯಾವಾಗ ಅಂತ ಮಾತ್ರ ಹೇಳುವುದಿಲ್ಲ" ಅಂತ ಸೇರಿಸಿದರು. ಹೇಳುವಾಗ ಮುಖದಲ್ಲಿ ಹಳೆಯ ಹೆದರಿಕೆ ಇರಲಿಲ್ಲ.

ಇಷ್ಟಕ್ಕೇ ಮುಗಿಯಬೇಕಿತ್ತು. ಮೊನ್ನೆ ಮಧ್ಯಾಹ್ನ ಹೊಳೆಗಾಳಿಗೆ ನನಗೆ ಕಣ್ಣು ಮುಚ್ಚುತ್ತಾ ಇರುವಾಗ ಕಾಕ ಬಂದರು. ಹಿಂದೆ ಮುಂದೆ ನೋಡಿ, ಜಗಲಿಯ ಅಂಚಿನಲ್ಲಿ ಕೂತು, ಸ್ವರ ತಗ್ಗಿಸಿದರು.

"ಮಗಳೇ, ನನಗೊಂದು ಗಂಟೆ ಬೇಕು."

"ಯಾರಿಗೆ ಕಾಕ?"

"ಅವಳಿಗೇ. ನಿನ್ನ ಉಮ್ಮನಿಗೆ."

ನನ್ನ ಮನಸ್ಸು ಬೆಣ್ಣೆಯಾಯಿತು. ಮಗಳು ಹೋಗಿ ಮನೆ ಖಾಲಿಯಾಗಿದೆ, ಈ ವಯಸ್ಸಿನಲ್ಲಿ ಹೆಂಡತಿಗೊಂದು ಉಡುಗೊರೆ ಕೊಡುವ ಅಂತ ಅನಿಸಿದೆಯಲ್ಲ! "ಎಂತ ಕಟ್ಟುವ ಕಾಕ? ನಿಮ್ಮ ನೆನಪಿನದ್ದು ಏನಾದರೂ?"

"ನೆನಪು ಗಿನಪು ಬೇಡ. ಜೋರಾಗಿ ಕೇಳಿದ್ರೆ ಸಾಕು." ಕಾಕ ಇನ್ನೊಮ್ಮೆ ಹಿಂದೆ ತಿರುಗಿ ನೋಡಿದರು. "ನನಗೆ ಸಕ್ಕರೆ ಕಾಯಿಲೆ ಅಲ್ವಾ, ಸಿಹಿ ಮುಟ್ಟಬಾರ್ದು ಅಂತ ಡಾಕ್ಟರು ಹೇಳಿದ್ದು. ಮೊದಲಾದ್ರೆ ಅವಳು ಹಜಾರದಲ್ಲಿ ಬರುವಾಗಲೇ ಝಣ್ ಝಣ್ ಅಂತ ಕೇಳ್ತಿತ್ತು. ಹಲ್ವದ ಡಬ್ಬ ಮುಚ್ಚಿ, ಬಾಯಿ ಒರೆಸಿ, ಪೇಪರು ಹಿಡಿದು ಕೂರ್ಲಿಕ್ಕೆ ಪುರುಸೊತ್ತು ಇತ್ತು. ಈಗ ಒಂದು ಶಬ್ದ ಇಲ್ಲ. ತಿರುಗಿ ನೋಡಿದ್ರೆ ಹಿಂದೆಯೇ ನಿಂತಿರ್ತಾಳೆ. ದಿನಾ ಸಿಕ್ಕಿಬೀಳ್ತಾ ಇದ್ದೇನೆ ಮಗಳೇ."

ನಾನು ಕಷ್ಟಪಟ್ಟು ನಗು ತಡೆದುಕೊಂಡು ಕೇಳಿದೆ, "ಆಗಲಿ ಕಾಕ. ಎಲ್ಲಿಗೆ ತೂಗುಹಾಕುವುದು, ಅಡುಗೆಮನೆಯ ಬಾಗಿಲಿಗಾ?"

"ಬಾಗಿಲಿಗೆ ಅಲ್ಲ," ಅಂದರು ಕಾಕ, "ಅವಳ ಸೊಂಟಕ್ಕೆ."